ಒತ್ತಿದ ಕಡೆ ಏಳುವ ಗಂಧೆ: ಯಾವ ಆಂಟಿಹಿಸ್ಟಮಿನ್ ಯಾರಿಗೆ ಹೊಂದಿತು?

ನೀಲಿಗೆರೆ:
ಎಲ್ಲರಿಗೂ ನಮಸ್ಕಾರ. ಮೈಗೆ ಏನಾದರೂ ಒತ್ತಿದರೆ, ಉಜ್ಜಿದರೆ ಅಲ್ಲೇ ಗಂಧೆ ಏಳುವ ತೊಂದರೆ ನನಗೆ ಬಹಳ ಕಾಲದಿಂದ ಇದೆ. ಸಾಕ್ಸಿನ ಎಲಾಸ್ಟಿಕ್ ಕೂತ ಜಾಗದಲ್ಲಿ ಕಾಲಿನ ಸುತ್ತ ಉಬ್ಬಿದ ಗೆರೆ, ವಾಚ್ ಬಿಚ್ಚಿದರೆ ಮಣಿಕಟ್ಟಿನ ಮೇಲೆ ಪಟ್ಟಿಯದೇ ಅಚ್ಚು, ಟವೆಲಿನಿಂದ ಬೆನ್ನು ಒರೆಸಿಕೊಂಡರೆ ಉದ್ದುದ್ದ ಬಾಸುಂಡೆ. ಸೆಟಿರಿಜಿನ್ ಎಂಬ ಆಂಟಿಹಿಸ್ಟಮಿನ್ (ಅಲರ್ಜಿ, ತುರಿಕೆಗೆ ಕೊಡುವ ಮಾತ್ರೆ) 10 ಮಿ.ಗ್ರಾಂ. ದಿನಾ ರಾತ್ರಿ ತಗೊಳ್ತಾ ಇದ್ದೇನೆ. ತುರಿಕೆ ಮುಕ್ಕಾಲು ಪಾಲು ಇಳಿದಿದೆ. ಆದರೆ ಬೆಳಿಗ್ಗೆ ಎದ್ದರೆ ತಲೆ ಭಾರ, ಮಧ್ಯಾಹ್ನದವರೆಗೂ ಮಂಪರು ಬಿಡುವುದಿಲ್ಲ.

ಇನ್ನೊಂದು ವಿಷಯ. ಹೆಚ್ಚು ಹೊತ್ತು ನಿಂತ ದಿನ ರಾತ್ರಿ ಅಂಗಾಲು ದಪ್ಪಗೆ ಊದಿ, ನೆಲಕ್ಕೆ ಕಾಲಿಟ್ಟರೆ ನೋವಾಗುತ್ತದೆ. ಇದಕ್ಕೆ ಮಾತ್ರೆಯಿಂದ ಏನೂ ಆಗಿಲ್ಲ. ಫೆಕ್ಸೊಫೆನಡಿನ್, ಡೆಸ್‌ಲೊರಾಟಡಿನ್, ಬಿಲಾಸ್ಟಿನ್ ಇವುಗಳಲ್ಲಿ ಯಾವುದನ್ನಾದರೂ ಬದಲಾಯಿಸಿ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಸಂಜೆಗಾಳಿ:
ನಂದೂ ಇದೇ ಕಥೆ. ಲೆವೊಸೆಟಿರಿಜಿನ್ 5 ತಗೊಳ್ತೀನಿ. ಗಂಧೆ ಕಮ್ಮಿ, ನಿದ್ದೆ ಮಾತ್ರ ವಿಪರೀತ. ಉತ್ತರಕ್ಕೆ ನಾನೂ ಕಾಯ್ತಿದ್ದೀನಿ.

ದೂರದಾರಿ:
ನೀಲಿಗೆರೆ ಅವರೇ, ಮಾತ್ರೆ ಹೋಲಿಸುವ ಮುಂಚೆ ಒಂದು ಮಾತು. ನೀವು ಬರೆದಿರುವುದು ಒಂದು ಕಾಯಿಲೆ ಅಲ್ಲ, ಎರಡು ಇದ್ದ ಹಾಗೆ ಕಾಣಿಸುತ್ತದೆ. ಎರಡೂ ಒತ್ತುವುದರಿಂದಲೇ ಬರುತ್ತವೆ, ಎರಡೂ ಒಬ್ಬರಲ್ಲೇ ಇರಬಹುದು. ನನಗೆ ಎರಡೂ ಇವೆ. ಆದರೆ ಮಾತ್ರೆಗೆ ಅವು ಸ್ಪಂದಿಸುವ ರೀತಿ ಬೇರೆ ಬೇರೆ. ಇದು ಗೊತ್ತಿಲ್ಲದೆ ಜನ ಒಂದಾದ ಮೇಲೊಂದು ಮಾತ್ರೆ ಬದಲಾಯಿಸಿ ಸುಸ್ತಾಗುತ್ತಾರೆ.

ಮೊದಲನೆಯದು ಡರ್ಮಟೊಗ್ರಾಫಿಸಂ, ಅಂದರೆ ಚರ್ಮದ ಮೇಲೆ ಗೀಚಿದ ಕಡೆ ಗೆರೆ ಉಬ್ಬುವುದು. ಪೆನ್ನಿನ ಮುಚ್ಚಳದ ತುದಿಯಿಂದ ಮುಂಗೈ ಮೇಲೆ ಹಗುರವಾಗಿ ಒಂದು ಗೆರೆ ಎಳೆದು ನೋಡಿ. ಮೊದಲು ಕೆಂಪು ಗೆರೆ ಬರುತ್ತದೆ. ಆಮೇಲೆ ಅದರ ಎರಡೂ ಬದಿ ಕೆಂಪು ಹರಡುತ್ತದೆ. 5ರಿಂದ 10 ನಿಮಿಷದೊಳಗೆ ನಡುವಿನ ಗೆರೆ ಬೆಳ್ಳಗೆ ಉಬ್ಬಿ ನಿಲ್ಲುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಗುರುತೇ ಇಲ್ಲದಂತೆ ಹೋಗುತ್ತದೆ. ಚರ್ಮದ ಈ ಮೂರು ಹಂತದ ಪ್ರತಿಕ್ರಿಯೆಯನ್ನು ಥಾಮಸ್ ಲೂಯಿಸ್ ಎಂಬ ವೈದ್ಯ ವಿಜ್ಞಾನಿ 1920ರ ದಶಕದಲ್ಲೇ ವಿವರಿಸಿದ್ದಾರೆ. ಗೆರೆ ಉಬ್ಬಿ ತುರಿಕೆ ಇಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಡ. ತುರಿಕೆ ಇದ್ದರೆ ಮಾತ್ರ ಮಾತ್ರೆ.

ಎರಡನೆಯದು ತಡವಾಗಿ ಬರುವ ಒತ್ತಡದ ಅರ್ಟಿಕೇರಿಯಾ (ಅರ್ಟಿಕೇರಿಯಾ ಅಂದರೆ ಗಂಧೆ). ಇದು ಚರ್ಮದ ಆಳದಲ್ಲಿ ಆಗುವ ಊತ. ಒತ್ತು ಬಿದ್ದು ಸಾಮಾನ್ಯವಾಗಿ 4ರಿಂದ 8 ಗಂಟೆ ಆದ ಮೇಲೆ ಶುರು, ಕೆಲವೊಮ್ಮೆ 2–3 ದಿನ ಇರುತ್ತದೆ. ತುರಿಕೆಗಿಂತ ಉರಿ, ನೋವು ಜಾಸ್ತಿ. ಅಂಗಾಲು, ಅಂಗೈ, ಸೊಂಟ, ಪೃಷ್ಠ, ಬ್ಯಾಗ್ ತೂಗುವ ಹೆಗಲು ಇದರ ಜಾಗಗಳು. ಜೋರಾಗಿ ಬಂದ ದಿನ ಮೈಕೈ ನೋವು, ಜ್ವರ ಬಂದ ಹಾಗೆ ಸುಸ್ತು ಕೂಡ ಬರುತ್ತದೆ. ನಿಮ್ಮ ಅಂಗಾಲಿನ ವಿವರಣೆ ಓದಿದರೆ ನನಗೆ ಇದೇ ನೆನಪಾಯಿತು. ಬೆಳಿಗ್ಗೆ ನಿಂತದ್ದಕ್ಕೆ ರಾತ್ರಿ ಊತ ಬಂದರೆ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದೇ ಇಲ್ಲ.

ಮೊದಲನೆಯದಕ್ಕೆ ಆಂಟಿಹಿಸ್ಟಮಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅರೆಬರೆ. ಸೆಟಿರಿಜಿನ್ ಒಂದನ್ನು ತಗ್ಗಿಸಿ ಇನ್ನೊಂದನ್ನು ಮುಟ್ಟಲಿಲ್ಲ ಎಂದರೆ ಮಾತ್ರೆ ಕೆಟ್ಟದು ಎಂದಲ್ಲ.

ಗುಳಿಗೆಡಬ್ಬಿ:
ನಾನು ಫಾರ್ಮಸಿಸ್ಟ್. ಔಷಧದ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ನಿಮಗೆ ಯಾವುದು ಅನ್ನುವುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಒತ್ತು ಬಿದ್ದಾಗ ಚರ್ಮದ ಮಾಸ್ಟ್ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಆಂಟಿಹಿಸ್ಟಮಿನ್ ಆ ಸುರಿಯುವುದನ್ನು ನಿಲ್ಲಿಸುವುದಿಲ್ಲ. ಹಿಸ್ಟಮಿನ್ ಬಂದು ಕೂರಬೇಕಾದ ಎಚ್-1 ಗ್ರಾಹಕಗಳನ್ನು ತಾನು ಮೊದಲೇ ಹಿಡಿದಿರುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಆದ್ದರಿಂದ ಗಂಧೆ ಎದ್ದ ಮೇಲೆ ಒಂದು ನುಂಗಿ ಕಾಯುವುದಕ್ಕಿಂತ, ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳುವುದು ಎಷ್ಟೋ ಮೇಲು. "ಈ ಮಾತ್ರೆ ನನಗೆ ಆಗಲಿಲ್ಲ" ಅನ್ನುವವರನ್ನು ಕೇಳಿದರೆ, ಬೇಕಾದಾಗ ಮಾತ್ರ ತಗೊಂಡಿರುತ್ತಾರೆ.

ಹೊಸ ತಲೆಮಾರಿನ ಮಾತ್ರೆಗಳಲ್ಲಿ ಗಂಧೆ ತಗ್ಗಿಸುವ ಶಕ್ತಿಯ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಒಬ್ಬರಿಗೆ ಒಂದು ಒಗ್ಗುತ್ತದೆ, ಇನ್ನೊಬ್ಬರಿಗೆ ಇನ್ನೊಂದು. ನಿಜವಾದ ವ್ಯತ್ಯಾಸ ಇರುವುದು ನಿದ್ದೆಯಲ್ಲಿ, ಊಟದ ಜೊತೆ ಹೊಂದುವುದರಲ್ಲಿ, ಮೂತ್ರಪಿಂಡ ಮತ್ತು ಯಕೃತ್ತಿನ ಮೇಲೆ ಬೀಳುವ ಹೊರೆಯಲ್ಲಿ.

ಸೆಟಿರಿಜಿನ್ ಬೇಗ ಹತ್ತುತ್ತದೆ, ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿ ಏರುಮಟ್ಟ ಮುಟ್ಟುತ್ತದೆ. ಆದರೆ ಹೊಸ ಪೈಕಿಯಲ್ಲಿ ಮಂಪರು ತರುವುದರಲ್ಲಿ ಇದೇ ಮುಂದು. ಔಷಧದ ಅಧಿಕೃತ ಮಾಹಿತಿಯಲ್ಲೇ, 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ. 14 ಜನರಿಗೆ ಮಂಪರು, ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ. 6 ಎಂದು ಇದೆ. ಲೆವೊಸೆಟಿರಿಜಿನ್ ಅಂದರೆ ಸೆಟಿರಿಜಿನ್‌ನ ಕೆಲಸ ಮಾಡುವ ಅರ್ಧ ಭಾಗ. ಅದರ 5 ಇದರ 10ಕ್ಕೆ ಸಮ. ಸಂಜೆಗಾಳಿ ಅವರೇ, ಒಂದರಿಂದ ಇನ್ನೊಂದಕ್ಕೆ ಹೋದರೆ ನಿದ್ದೆಯಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ.

ಫೆಕ್ಸೊಫೆನಡಿನ್ ಮಿದುಳಿಗೆ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಗಾಡಿ ಓಡಿಸುವವರಿಗೆ, ಯಂತ್ರದ ಮುಂದೆ ಕೂರುವವರಿಗೆ ನನ್ನ ಮನಸ್ಸಿನಲ್ಲಿ ಇದಕ್ಕೇ ಮೊದಲ ಜಾಗ. ಗಂಧೆಗೆ ದಿನಕ್ಕೆ 180 ಮಿ.ಗ್ರಾಂ. ಒಂದು ಷರತ್ತು ಇದೆ: ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ಎಂಬ ಹೆಸರಿನ ದೊಡ್ಡ ಹುಳಿ ಹಣ್ಣು, ಇವುಗಳ ರಸದ ಜೊತೆ ತೆಗೆದುಕೊಂಡರೆ ಔಷಧ ಮೈಗೆ ಸೇರುವುದು ಬಹಳ ತಗ್ಗುತ್ತದೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆ್ಯಸಿಡಿಟಿ ಔಷಧದ ಜೊತೆಗೂ ಬೇಡ.

ಬಿಲಾಸ್ಟಿನ್ 20 ಮಿ.ಗ್ರಾಂ. ಕೂಡ ಮಂಪರು ತರುವುದು ತೀರಾ ಕಮ್ಮಿ. ಆದರೆ ಖಾಲಿ ಹೊಟ್ಟೆ ಬೇಕು: ಊಟಕ್ಕೆ 1 ಗಂಟೆ ಮೊದಲು, ಇಲ್ಲವೇ ಊಟವಾಗಿ 2 ಗಂಟೆ ಬಿಟ್ಟು. ಲೊರಾಟಡಿನ್ 10, ಅದರಿಂದ ಮೈಯಲ್ಲಿ ಆಗುವ ಡೆಸ್‌ಲೊರಾಟಡಿನ್ 5, ಇವೆರಡಕ್ಕೂ ಊಟದ ಕಟ್ಟುಪಾಡಿಲ್ಲ, ಮಂಪರೂ ಕಡಿಮೆ. ಡೆಸ್‌ಲೊರಾಟಡಿನ್ ಮೈಯಲ್ಲಿ ಬಹಳ ಹೊತ್ತು ಉಳಿಯುವ ಔಷಧ, ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 27 ಗಂಟೆ ಬೇಕು. ರುಪಾಟಡಿನ್ ಹಿಸ್ಟಮಿನ್ ಜೊತೆಗೆ ಊತಕ್ಕೆ ಕಾರಣವಾಗುವ ಇನ್ನೊಂದು ವಸ್ತುವನ್ನೂ ತಡೆಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೇ ಅದು ಉಳಿದವನ್ನೆಲ್ಲ ಮೀರಿಸುತ್ತದೆ ಅಂತ ನಾನು ಹೇಳಲಾರೆ.

ಸಂಜೆಗಾಳಿ:
ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ತುಂಬಾ ಥ್ಯಾಂಕ್ಸ್.

ಕಲ್ಲುಹಾದಿ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಹೊಸ ಮಾತ್ರೆ ಎಲ್ಲಾ ನೋಡಿಯಾಯ್ತು. ನನಗೆ ರಾತ್ರಿ ನೆಮ್ಮದಿ ಕೊಟ್ಟಿದ್ದು ಹಳೇ ಹೈಡ್ರಾಕ್ಸಿಜಿನ್ ಒಂದೇ. ಕೆರೆದುಕೊಂಡು ಕೆರೆದುಕೊಂಡು ಹಾಸಿಗೆ ಮೇಲೆ ಕೂತಿರ್ತಿದ್ದವನು ಬೆಳಗಿನವರೆಗೆ ಮಲಗ್ತೀನಿ. ಹಳೆಯದೆಲ್ಲ ಕೆಟ್ಟದು ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಗುಳಿಗೆಡಬ್ಬಿ:
ನಿದ್ದೆಗೆಟ್ಟವರ ಸಂಕಟ ನನಗೆ ಅರ್ಥವಾಗುತ್ತದೆ ಕಲ್ಲುಹಾದಿ ಅವರೇ. ಆದರೂ ಎರಡು ವಿಷಯ ಹೇಳಲೇಬೇಕು. ನೀವು ನುಂಗುವ ಹೈಡ್ರಾಕ್ಸಿಜಿನ್‌ನ ಗಣನೀಯ ಭಾಗ ಮೈಯೊಳಗೆ ಹೋಗಿ ಸೆಟಿರಿಜಿನ್ ಆಗಿಯೇ ಬದಲಾಗುತ್ತದೆ. ಗಂಧೆಯ ಮೇಲೆ ಕೆಲಸ ಮಾಡುವುದರಲ್ಲಿ ಅದರ ಪಾಲು ದೊಡ್ಡದು. ಹೆಚ್ಚುವರಿಯಾಗಿ ನಿಮಗೆ ಸಿಗುತ್ತಿರುವುದು ಮಿದುಳಿನ ಮೇಲಿನ ಮಂಪರು. ಆ ನಿದ್ದೆ ಸಹಜ ನಿದ್ದೆಯಲ್ಲ. ಅದರ ಗುಣಮಟ್ಟ ಕೆಡುತ್ತದೆ, ಮರುದಿನದ ಚುರುಕುತನಕ್ಕೂ ಪೆಟ್ಟು ಬೀಳುತ್ತದೆ, ಎಷ್ಟೋ ಸಲ ನಮಗೇ ಅದರ ಅರಿವಾಗುವುದಿಲ್ಲ. ಬಾಯಿ ಒಣಗುವುದು, ಮಲಬದ್ಧತೆ, ವಯಸ್ಸಾದವರಿಗೆ ಮೂತ್ರ ಕಟ್ಟುವುದು, ಇವೂ ಇವೆ. ಅದೂ ಅಲ್ಲದೆ ಹೃದಯದ ಬಡಿತದ ಲಯ ತಪ್ಪುವ ಅಪಾಯದಿಂದಾಗಿ 2015ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಹೈಡ್ರಾಕ್ಸಿಜಿನ್‌ಗೆ ಮಿತಿ ಹಾಕಿದರು: ವಯಸ್ಕರಿಗೆ ದಿನಕ್ಕೆ 100 ಮಿ.ಗ್ರಾಂ. ಮೀರಬಾರದು, ವೃದ್ಧರಿಗೆ ಆದಷ್ಟೂ ಬೇಡ, ಕೊಡಲೇಬೇಕಾದರೆ 50 ದಾಟಬಾರದು. ಅರ್ಟಿಕೇರಿಯಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹಳೆಯ ತಲೆಮಾರಿನದನ್ನು ಬಿಟ್ಟು ಹೊಸದನ್ನೇ ಬಳಸಿ ಅನ್ನುತ್ತದೆ.

ನಿಮ್ಮ ವೈದ್ಯರ ಹತ್ತಿರ ಒಮ್ಮೆ ಈ ಮಾತು ಎತ್ತಿ. ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆಗಳು ನಡೆಯುತ್ತಿದ್ದರೆ, ಅದನ್ನೂ ಮರೆಯದೆ ತಿಳಿಸಿ.

ಕಲ್ಲುಹಾದಿ:
ಒಳಗೆ ಹೋಗಿ ಸೆಟಿರಿಜಿನ್ನೇ ಆಗುತ್ತೆ ಅನ್ನೋದು ಗೊತ್ತಿರಲಿಲ್ಲ. ಬೇರೆ ಮಾತ್ರೆಗಳೂ ನಡೀತಿವೆ ನಂಗೆ. ಕೇಳ್ತೀನಿ. ಆದರೆ ರಾತ್ರಿ ತುರಿಕೆಗೆ ಬೇರೆ ದಾರಿ ಸಿಗೋವರೆಗೂ ಇದನ್ನ ಬಿಡೋ ಧೈರ್ಯ ಇಲ್ಲ, ಅಷ್ಟೇ.

ಮುಂಜಾವು:
ಅಮ್ಮನಿಗೆ ಮೂತ್ರಪಿಂಡದ ಕಾಯಿಲೆ ಇದೆ, ಗಂಧೆಯೂ ಇದೆ. ಸೆಟಿರಿಜಿನ್ ಕೊಡಬಹುದಾ?

ಗುಳಿಗೆಡಬ್ಬಿ:
ಸೆಟಿರಿಜಿನ್, ಲೆವೊಸೆಟಿರಿಜಿನ್ ಎರಡೂ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ದಾರಿಯಲ್ಲೇ. ಅದು ದುರ್ಬಲವಾಗಿದ್ದರೆ ಔಷಧ ಮೈಯಲ್ಲಿ ಶೇಖರವಾಗುತ್ತದೆ. ಪ್ರಮಾಣ ಇಳಿಸಬೇಕು, ಕಾಯಿಲೆ ತೀವ್ರವಾಗಿದ್ದರೆ ಕೊಡುವಂತೆಯೇ ಇಲ್ಲದಿರಬಹುದು. ಅಮ್ಮನ ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಶುರು ಮಾಡಬೇಡಿ.

ನೀಲಿಗೆರೆ:
ದೂರದಾರಿ ಅವರು ಹೇಳಿದ ಹಾಗೆ ಪೆನ್ನಿನ ಮುಚ್ಚಳದಿಂದ ಗೆರೆ ಎಳೆದೆ. ಮಾತ್ರೆಯ ಪ್ರಭಾವ ಇದ್ದರೂ ಕೆಂಪು ಹರಡಿ ಸಣ್ಣಗೆ ಉಬ್ಬಿತು, ಮುಕ್ಕಾಲು ಗಂಟೆಯಲ್ಲಿ ಹೋಯಿತು. ಅಂಗಾಲಿನ ಊತ ಮಾತ್ರ ಮಾರನೇ ದಿನ ಮಧ್ಯಾಹ್ನದವರೆಗೂ ಇರುತ್ತದೆ, ಒತ್ತಿದರೆ ಗಟ್ಟಿ. ಹಾಗಾದರೆ ನನಗೂ ಎರಡೂ ಇರಬೇಕು. ಡಾಕ್ಟರು ಹೋದ ಸಲ "ಬೇಕಾದರೆ ಮಾತ್ರೆ ಜಾಸ್ತಿ ಮಾಡೋಣ, ನಾಲ್ಕರವರೆಗೂ ಹೋಗಬಹುದು" ಅಂದಾಗ ಹೆದರಿಕೆ ಆಗಿತ್ತು. ಒಂದಕ್ಕೇ ಇಷ್ಟು ಮಂಪರು, ನಾಲ್ಕಕ್ಕೆ ಏನು ಗತಿ?

ದೂರದಾರಿ:
ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ಮಾರ್ಗಸೂಚಿಯ ಮೆಟ್ಟಿಲುಗಳೇ ಹಾಗಿವೆ. ಹೊಸ ತಲೆಮಾರಿನ ಆಂಟಿಹಿಸ್ಟಮಿನ್ ಮೊದಲು ಸಾಮಾನ್ಯ ಪ್ರಮಾಣದಲ್ಲಿ, ದಿನಾ ತಪ್ಪದೆ. 2ರಿಂದ 4 ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಅದೇ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದು. ಎರಡು ಮೂರು ಬಗೆ ಬೆರೆಸಿ ನುಂಗುವುದಕ್ಕಿಂತ ಒಂದನ್ನೇ ಏರಿಸುವುದು ಲೇಸು. ಇದು ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣಕ್ಕಿಂತ ಹೆಚ್ಚು, ಹಾಗಾಗಿ ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಮೂತ್ರಪಿಂಡ, ಯಕೃತ್ತು, ಹೃದಯದ ತೊಂದರೆ ಇರುವವರಿಗೆ ಈ ಮಾತು ಹಾಗೇ ಅನ್ವಯಿಸುವುದಿಲ್ಲ.

ಏರಿಸುವ ಮಾತು ಬಂದಾಗಲೇ ಯಾವ ಮಾತ್ರೆ ಅನ್ನುವುದು ಮುಖ್ಯವಾಗುವುದು. ಮಂಪರು ಪ್ರಮಾಣದ ಜೊತೆ ಏರುವ ಮಾತ್ರೆಯನ್ನು ನಾಲ್ಕು ಪಟ್ಟು ಮಾಡಿ ದಿನ ಕಳೆಯುವುದು ಕಷ್ಟ. ನನಗೂ ಸೆಟಿರಿಜಿನ್ ಎರಡು ಪಟ್ಟಿಗೇ ಸಾಕಾಯಿತು. ಬಿಲಾಸ್ಟಿನ್‌ಗೆ ಬದಲಾಯಿಸಿ ಏರಿಸಿದ ಮೇಲೆ ಗೆರೆ ಗೆರೆ ಗಂಧೆ ಪೂರ್ತಿ ಹತೋಟಿಗೆ ಬಂತು. ಅಂಗಾಲು, ಹೆಗಲಿನ ಊತ ಅರ್ಧಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ. ನಿಮಗೆ ಬೇರೆಯದೇ ಹೊಂದಬಹುದು. ಆದರೆ "ಸೆಟಿರಿಜಿನ್ ಮಂಪರು ತರುತ್ತಿದೆ, ಏರಿಸುವ ಮೊದಲು ಬದಲಾಯಿಸೋಣವೇ" ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

ನಾಲ್ಕು ಪಟ್ಟಿಗೂ ಬಗ್ಗದಿದ್ದರೆ ಮುಂದಿನ ಮೆಟ್ಟಿಲು ಒಮಲಿಜುಮಾಬ್ ಚುಚ್ಚುಮದ್ದು, 4 ವಾರಕ್ಕೊಮ್ಮೆ 300 ಮಿ.ಗ್ರಾಂ. ಅದಕ್ಕೆ ಅನುಮತಿ ಇರುವುದು ತಾನಾಗಿ ಏಳುವ ದೀರ್ಘಕಾಲದ ಗಂಧೆಗೆ. ಒತ್ತಿದರೆ ಏಳುವ ಬಗೆಗೆ ತಜ್ಞರು ತಮ್ಮ ವಿವೇಚನೆಯಿಂದ ಕೊಡುತ್ತಾರೆ. ಒಳ್ಳೆಯ ಫಲ ಕಂಡವರು ಅನೇಕರಿದ್ದಾರೆ.

ಹೊಸಚಿಗುರು:
ನನಗೆ ಆಂಟಿಹಿಸ್ಟಮಿನ್ ಜೊತೆ ಮಾಂಟೆಲುಕಾಸ್ಟ್ (ಆಸ್ತಮಾಗೆ ಕೊಡೋ ಮಾತ್ರೆ) ಸೇರಿಸಿ ಕೊಟ್ಟಿದ್ರು, ತಡವಾಗಿ ಬರೋ ಊತಕ್ಕೆ. ಊತ ಸ್ವಲ್ಪ ಇಳೀತು. ಆದ್ರೆ ಕೆಟ್ಟ ಕನಸು, ಕಾರಣ ಇಲ್ದೆ ಸಿಟ್ಟು. ಮನೆಯವರೇ ಗಮನಿಸಿ ಹೇಳಿದ್ರು. ಡಾಕ್ಟರಿಗೆ ಫೋನ್ ಮಾಡಿದ ತಕ್ಷಣ ನಿಲ್ಲಿಸಿದ್ರು, ಆಮೇಲೆ ಸರಿಹೋಯ್ತು.

ಗುಳಿಗೆಡಬ್ಬಿ:
ಹೊಸಚಿಗುರು ಅವರೇ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಮಾಂಟೆಲುಕಾಸ್ಟ್‌ನಿಂದ ಮನಸ್ಸಿನ ಮೇಲೆ ಆಗಬಹುದಾದ ಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೇ ಹಾಕಿತು. ತಡವಾಗಿ ಬರುವ ಒತ್ತಡದ ಊತದಲ್ಲಿ ಆಂಟಿಹಿಸ್ಟಮಿನ್ ಜೊತೆ ಸೇರಿಸಿ ನೋಡಿದ ಸಣ್ಣ ಅಧ್ಯಯನಗಳಿವೆ, ಕೆಲವರಿಗೆ ಉಪಯೋಗವೂ ಆಗಿದೆ. ಆದರೆ ಶುರು ಮಾಡಿದವರು ನಿದ್ದೆ, ಮನಸ್ಸಿನ ಬದಲಾವಣೆಗಳ ಮೇಲೆ ಕಣ್ಣಿಡಬೇಕು, ಮನೆಯವರಿಗೂ ಹೇಳಿರಬೇಕು.

ಅಂಗಾಲು ನೋಯುತ್ತದೆ ಅಂತ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗುವವರೂ ಇದ್ದಾರೆ. ಗಂಧೆ ಇರುವ ಕೆಲವರಲ್ಲಿ ಈ ನೋವಿನ ಮಾತ್ರೆಗಳೇ ಗಂಧೆಯನ್ನು ಕೆರಳಿಸುತ್ತವೆ. ಹೃದಯಕ್ಕೆಂದು ವೈದ್ಯರು ಕೊಟ್ಟ ಆಸ್ಪಿರಿನ್ ಆದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಸ್ಟೀರಾಯ್ಡ್ ಮಾತ್ರೆ ಊತವನ್ನು ಇಳಿಸುತ್ತದೆ ನಿಜ. ಅದಕ್ಕೇ ಜನ ಅದನ್ನು ಮತ್ತೆ ಮತ್ತೆ ಕೇಳುತ್ತಾರೆ. ಜೋರಾದಾಗ ಕೆಲವೇ ದಿನ ಕೊಡುವ ಔಷಧ ಅದು, ತಿಂಗಳುಗಟ್ಟಲೆ ನುಂಗುವಂಥದ್ದಲ್ಲ.

ಸಂಜೆಗಾಳಿ:
ಯಾವ್ದಾದ್ರೂ ಪಥ್ಯ ಮಾಡಿದ್ರೆ ಕಮ್ಮಿ ಆಗುತ್ತಾ? ಎಲ್ರೂ ಅದು ತಿನ್ಬೇಡ ಇದು ತಿನ್ಬೇಡ ಅಂತಾರೆ.

ದೂರದಾರಿ:
ಇಲ್ಲಿ ಗಂಧೆ ಏಳಿಸುವುದು ಒತ್ತು, ಊಟ ಅಲ್ಲ. ಸುಮ್ಮನೆ ಹೊಟ್ಟೆ ಕಟ್ಟಬೇಡಿ. ಅದರ ಬದಲು ಒತ್ತು ಎಲ್ಲಿ ಬೀಳುತ್ತಿದೆ ಎಂದು ಹುಡುಕಿ. ಭಾರ ಅಷ್ಟೇ ಇದ್ದರೂ ಅದು ಹರಡುವ ಜಾಗ ಅಗಲವಾದರೆ ಒತ್ತು ಇಳಿಯುತ್ತದೆ. ಕಿರಿದಾದ ಪಟ್ಟಿಯ ಬ್ಯಾಗ್ ಬಿಟ್ಟು ಅಗಲ, ಮೆತ್ತನೆಯ ಪಟ್ಟಿಯದನ್ನು ಎರಡೂ ಹೆಗಲಿಗೆ ಹಾಕಿದ ಮೇಲೆ ನನ್ನ ಹೆಗಲಿನ ಊತ ಮಾತ್ರೆಯಿಂದ ಇಳಿದದ್ದಕ್ಕಿಂತ ಹೆಚ್ಚು ಇಳಿಯಿತು. ಏಣಿ ಹತ್ತುವಾಗ ಮೆಟ್ಟಿಲಿನ ಅಂಚು ಒತ್ತದ ದಪ್ಪ ಅಟ್ಟೆಯ ಶೂ, ಸುತ್ತಿಗೆ ಅಥವಾ ಸ್ಕ್ರೂಡ್ರೈವರ್ ಹಿಡಿಗೆ ದಪ್ಪ ಸ್ಪಂಜು, ಗಟ್ಟಿ ಬೆಂಚಿನಲ್ಲಿ ಕೂರುವಾಗ ಮೆತ್ತೆ, ಬಿಗಿಯಿಲ್ಲದ ಸೊಂಟಪಟ್ಟಿ. ಗೆರೆ ಗೆರೆ ಏಳುವವರು ಒರೆಸಿಕೊಳ್ಳುವಾಗ ಟವೆಲನ್ನು ಉಜ್ಜದೆ ಒತ್ತಿ ಒತ್ತಿ ತೆಗೆಯಿರಿ. ಚರ್ಮ ಒಣಗದಂತೆ ನೋಡಿಕೊಳ್ಳಿ, ಒಣಗಿದರೆ ತುರಿಕೆ, ತುರಿಸಿದರೆ ಮತ್ತೆ ಗಂಧೆ.

ಮುಂಜಾವು:
ಗಂಧೆ ಇದ್ದವರು ಯಾವಾಗ ಆಸ್ಪತ್ರೆಗೆ ಓಡಬೇಕು? ಅಮ್ಮ ಒಬ್ಬರೇ ಇರುತ್ತಾರೆ, ಅದಕ್ಕೇ ಕೇಳಿದೆ.

ಗುಳಿಗೆಡಬ್ಬಿ:
ನಾಲಿಗೆ, ಗಂಟಲು ಊದುವುದು, ಉಸಿರಾಟಕ್ಕೆ ತೊಂದರೆ, ದನಿ ಬದಲಾಗುವುದು, ತಲೆ ಸುತ್ತಿ ಬೀಳುವುದು ಆದರೆ ಆಂಟಿಹಿಸ್ಟಮಿನ್ ನುಂಗಿ ಕಾಯಬಾರದು. ಅದಕ್ಕೆ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಗಂಧೆ ಒಂದೇ ಜಾಗದಲ್ಲಿ 24 ಗಂಟೆ ದಾಟಿ ನಿಂತು, ಇಳಿದ ಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಲೆ ಉಳಿದರೆ ಅದು ರಕ್ತನಾಳದ ಉರಿಯೂತ ಇರಬಹುದು. ಓಡಬೇಕಾದಷ್ಟು ಅವಸರವಲ್ಲ, ಆದರೆ ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು.

ನೀಲಿಗೆರೆ:
ಮುಂದಿನ ವಾರ ಚರ್ಮರೋಗ ತಜ್ಞರ ಹತ್ತಿರ ಹೋಗುತ್ತಿದ್ದೇನೆ. ಅಂಗಾಲಿನ ಫೋಟೊ ತೆಗೆದಿದ್ದೇನೆ, ಎಷ್ಟು ಹೊತ್ತಿಗೆ ಊತ ಶುರುವಾಯಿತು ಎಂದು ಬರೆದಿಟ್ಟಿದ್ದೇನೆ. ಒತ್ತಿ ನೋಡುವ ಪರೀಕ್ಷೆ ಮಾಡಬಹುದು ಅಂದಿದ್ದಾರೆ. ಹೇಗಿರುತ್ತದೆ ಅದು? ಆ ದಿನಕ್ಕೆ ಮಾತ್ರೆ ನಿಲ್ಲಿಸಬೇಕಾ?

ದೂರದಾರಿ:
ನನಗೆ ಮಾಡಿದ್ದಾರೆ, ಹೆದರುವಂಥದ್ದೇನಿಲ್ಲ. ಗೆರೆಯ ಪರೀಕ್ಷೆಗೆ ನಾಲ್ಕು ಹಲ್ಲಿನ ಪ್ಲಾಸ್ಟಿಕ್ ಉಪಕರಣ ಇದೆ. ಹಲ್ಲುಗಳ ಉದ್ದ 3ರಿಂದ 4.5 ಮಿ.ಮೀ. ವರೆಗೆ ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು. ಮುಂಗೈ ಮೇಲೆ ಒಮ್ಮೆ ಎಳೆದು 10 ನಿಮಿಷಕ್ಕೆ ಎಷ್ಟು ಗೆರೆ ಉಬ್ಬಿತು ಎಂದು ಎಣಿಸುತ್ತಾರೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಆಮೇಲೆ ಹೋಲಿಸಲೂ ಇದೇ ಅಳತೆ. ಆಳದ ಊತಕ್ಕೆ 3 ಸೆಂ.ಮೀ. ಅಗಲದ ಪಟ್ಟಿಯಲ್ಲಿ 7 ಕೆ.ಜಿ. ತೂಕವನ್ನು 15 ನಿಮಿಷ ಹೆಗಲಿಗೆ ತೂಗುಹಾಕುತ್ತಾರೆ. ಫಲಿತಾಂಶ ನೋಡುವುದು ಸುಮಾರು 6 ಗಂಟೆ ಬಿಟ್ಟು. ಹಾಗಾಗಿ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಗುಳಿಗೆಡಬ್ಬಿ:
ಸಾಮಾನ್ಯವಾಗಿ ಪರೀಕ್ಷೆಗೆ ಕನಿಷ್ಠ 3 ದಿನ ಮೊದಲು ಆಂಟಿಹಿಸ್ಟಮಿನ್ ನಿಲ್ಲಿಸಲು ಹೇಳುತ್ತಾರೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ. ಬಹಳ ಕಾಲ ದಿನಾ ಸೆಟಿರಿಜಿನ್ ಅಥವಾ ಲೆವೊಸೆಟಿರಿಜಿನ್ ತೆಗೆದುಕೊಂಡು ನಿಲ್ಲಿಸಿದವರಲ್ಲಿ ಅಪರೂಪಕ್ಕೆ ಕೆಲವರಿಗೆ ಕೆಲವೇ ದಿನಗಳಲ್ಲಿ ಮೈಯೆಲ್ಲ ತೀವ್ರ ತುರಿಕೆ ಬಂದಿದೆ. ಇದರ ಬಗ್ಗೆ ಅಮೆರಿಕದ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಎಚ್ಚರಿಕೆ ಹೊರಡಿಸಿದೆ. ಹಾಗೇನಾದರೂ ಆದರೆ "ಕಾಯಿಲೆ ಉಲ್ಬಣಿಸಿತು" ಎಂದು ಗಾಬರಿಯಾಗಬೇಡಿ, ನಿಲ್ಲಿಸಿದ್ದರಿಂದ ಇರಬಹುದು ಎಂದು ವೈದ್ಯರಿಗೆ ಹೇಳಿ. ಮತ್ತೆ ಶುರು ಮಾಡಿದರೆ ಹೆಚ್ಚಿನವರಿಗೆ ಇಳಿಯುತ್ತದೆ, ಆಮೇಲೆ ನಿಧಾನವಾಗಿ ಪ್ರಮಾಣ ಇಳಿಸುತ್ತಾ ಬಿಡಿಸುತ್ತಾರೆ.

ನೀಲಿಗೆರೆ:
ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. ಮಂಪರಿನ ವಿಷಯ, ಬಿಲಾಸ್ಟಿನ್ ಅಥವಾ ಫೆಕ್ಸೊಫೆನಡಿನ್‌ಗೆ ಬದಲಾಯಿಸುವ ವಿಷಯ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಏನು ಹೇಳಿದರು ಎಂದು ಇಲ್ಲೇ ಬರೆಯುತ್ತೇನೆ.

ಕಲ್ಲುಹಾದಿ:
ಖಂಡಿತ ಬರೀರಿ. ನಾನೂ ಹೈಡ್ರಾಕ್ಸಿಜಿನ್ ವಿಷಯ ಕೇಳೋಕೆ ಅಪಾಯಿಂಟ್‌ಮೆಂಟ್ ತಗೊಂಡೆ.